ನಾಗರತ್ನಾ ಓದಿದ ಎರಡನೆಯ ಹಾಳೆ

ದಿನವೂ ಕೆಲಸ ಬಿಡುವ ಮುಂಚೆ ನಾಗರತ್ನಾ ಕೊಡದಿಂದ ಒಂದು ತಂಬಿಗೆ ನೀರು ತುಂಬಿಕೊಂಡು, ಮರುದಿನ ಬಿಡಿಸಬೇಕಾದ ಮೆಣಸಿನಕಾಯಿ ರಾಶಿಯ ಸುತ್ತ ಒಂದು ಸುತ್ತು ಬರುತ್ತಿದ್ದಳು. ಅಂಗಳಕ್ಕೆ ಚಳೆ ಹೊಡೆದಂತೆ ಬೆರಳ ತುದಿಯಿಂದ ನೀರು ಚಿಮುಕಿಸುವುದು, ತಂಬಿಗೆ ಬರಿದಾದರೆ ಮತ್ತೆ ತುಂಬಿಕೊಳ್ಳುವುದು. ನಾಲ್ಕೈದು ತಂಬಿಗೆಗೆ ಒಂದು ರಾಶಿ ಮುಗಿಯುತ್ತಿತ್ತು. ಬೆಳಿಗ್ಗೆ ಕಾಯಿ ಮೆತ್ತಗಾಗಿರುತ್ತಿತ್ತು. ತುಂಬು, ಅಂದರೆ ತೊಟ್ಟು, ಬಿಡಿಸುವಾಗ ಕಾಯಿ ಪಟಪಟ ಮುರಿಯುತ್ತಿರಲಿಲ್ಲ. ಬೀಜ ಸಿಡಿದು ಕಣ್ಣಿಗೆ ಬೀಳುತ್ತಿರಲಿಲ್ಲ. ಘಾಟೂ ಅಷ್ಟು ಏಳುತ್ತಿರಲಿಲ್ಲ. ಅವಳಿಗೆ ಇದನ್ನು ಅತ್ತೆ ಹೇಳಿಕೊಟ್ಟಿದ್ದಳು. ಅತ್ತೆಗೆ ಯಾರು ಹೇಳಿಕೊಟ್ಟರೋ.

ಬ್ಯಾಡಗಿಯಲ್ಲಿ ವಿಜಯಮಹಾಂತೇಶನ ಗೋದಾಮು. ಅಲ್ಲಿ ತುಂಬು ಬಿಡಿಸುವ ನಲವತ್ತು ಹೆಣ್ಣುಮಕ್ಕಳನ್ನು ನೋಡಿಕೊಳ್ಳುವವಳು ನಾಗರತ್ನಾ. ಎಲ್ಲರಿಗೂ ಅವಳು ನಾಗಕ್ಕ. ಮನೆ ರಾಣೇಬೆನ್ನೂರಿನಲ್ಲಿ, ಗಂಡ ಫಕ್ಕೀರೇಶ ಅಲ್ಲಿಯೇ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವಳದು ಬೆಳಗಿನ ಪ್ಯಾಸೆಂಜರ್ ಗಾಡಿಗೆ ಹೋಗುವುದು, ಸಂಜೆಯ ಗಾಡಿಗೆ ಬರುವುದು. ಜೊತೆಗೆ ಅದೇ ಓಣಿಯ ಮುತ್ತವ್ವ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಆ ಓಣಿಗೆ ಬಂದವರು, ಒಂದೇ ನಲ್ಲಿಗೆ ಕೊಡ ಹಿಡಿದವರು.

ಎರಡು ಸಾವಿರದ ನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಸ್ಪೇನ್ ದೇಶಕ್ಕೆ ಹೋದ ಮಾಲು ವಾಪಸು ಬಂತು. ಬ್ಯಾಡಗಿ ಕಾಯಿಯ ಬಣ್ಣಕ್ಕೆ ಮನಸೋತು ಕೊಳ್ಳುತ್ತಿದ್ದ ಕಂಪನಿಯದು. ಮಾಲಿನ ಜೊತೆಗೆ ಎರಡು ಹಾಳೆ ಬಂದಿದ್ದವು. ಮೊದಲನೆಯದು ಇಂಗ್ಲಿಷಿನಲ್ಲಿ, ನಾಲ್ಕೇ ಸಾಲು. ಗುಮಾಸ್ತ ಅದನ್ನು ಓದಿ, ಮಾಲನ್ನು ಸರಿಯಾಗಿ ನಿರ್ವಹಿಸಿಲ್ಲ ಎಂದು ಬರೆದಿದ್ದಾರೆ ಎಂದ. ವಿಜಯಮಹಾಂತೇಶ ಗೋದಾಮಿಗೆ ಬಂದು, "ಹೆಣ್ಣಮಕ್ಕಳು ಹೊಲಸು ಕೈಲೆ ಮುಟ್ಯಾರ, ಅದಕ್ಕ ಹಿಂಗಾಗೇತಿ. ಆ ಲಾಟು ಬಿಡಿಸಿದವರು ಯಾರು?" ಎಂದು ಕೇಳಿದ. ಆ ಲಾಟು ಬಿಡಿಸಿದವರು ಹತ್ತು ಮಂದಿ. ಅವರಲ್ಲಿ ಮುತ್ತವ್ವನೂ ಇದ್ದಳು. ಹತ್ತೂ ಮಂದಿಯನ್ನು ಅಂದೇ ಕೆಲಸದಿಂದ ಬಿಡಿಸಿದ.

ಸಂಜೆಯ ಗಾಡಿಯಲ್ಲಿ ಮುತ್ತವ್ವ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ನಾಗಕ್ಕ, ನನ್ನ ಕೈ ಹೊಲಸು ಅದಾವೇನ?"

"ಇಲ್ಲವಾ."

"ಮತ್ತ ಅವರು ಹಂಗ ಬರದಾರಂತಲ್ಲ."

ನಾಗರತ್ನಾಳಿಗೆ ಆ ಮಾತು ಎದೆಯಲ್ಲಿ ಕುಳಿತುಬಿಟ್ಟಿತು. ಅಷ್ಟು ದೂರದ ದೇಶದವರು ಮುತ್ತವ್ವನ ಕೈಯನ್ನು ಎಲ್ಲಿ ನೋಡಿದರು? ಮರುದಿನ ಆಫೀಸಿಗೆ ಹೋದಾಗ ಎರಡನೆಯ ಹಾಳೆ ಗುಮಾಸ್ತನ ಚಹಾ ಲೋಟದ ಅಡಿ ಇತ್ತು. ಅಚ್ಚಾದ ಫಾರಮ್ಮು, ಅದರ ತುಂಬ ನೀಲಿ ಶಾಯಿಯಲ್ಲಿ ಕೈಬರಹ, ಕೊನೆಗೆ ಒಂದು ಸಹಿ.

"ಇದರಾಗ ಏನ್ ಬರದಾರ್ರಿ?"

"ಅದು ಅವರ ಭಾಷಾದಾಗ ಐತಿ. ಇಲ್ಲಿ ಯಾರಿಗೆ ಬರತೈತಿ?"

"ಹಂಗಾರ ನನಗ ಕೊಡ್ರಿ."

"ಒಯ್ದು ಏನ್ ಮಾಡ್ತಿ? ಚುರಮರಿ ಕಟ್ತೀಯೇನು?" ಎಂದು ನಕ್ಕು ಗುಮಾಸ್ತ ಕೊಟ್ಟ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ದಿನವೂ ಓದುವ ಸ್ತೋತ್ರದ ಪುಸ್ತಕದಲ್ಲಿ ಇಟ್ಟುಕೊಂಡಳು. ಆ ಹಾಳೆಯಲ್ಲಿ ಮುತ್ತವ್ವನ ತಪ್ಪಿಲ್ಲವೆಂದು ಇರಲೇಬೇಕು; ತಾನೇ ಓದಿ ಧಣಿಯ ಮುಂದೆ ಇಡಬೇಕು ಎಂಬುದು ಅವಳ ಹಟ. ಆಗ ಅವಳಿಗೆ ನಲವತ್ತೊಂದು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಇಂಗ್ಲಿಷ್ ಅಕ್ಷರ, ಒಂದಷ್ಟು ಶಬ್ದ ಗೊತ್ತಿದ್ದವು. ಉಳಿದದ್ದೇನೂ ಗೊತ್ತಿರಲಿಲ್ಲ.

ಮೊದಲು ಹಾವೇರಿಯ ಗ್ರಂಥಾಲಯಕ್ಕೆ ಹೋಗಿ ಸ್ಪೇನಿನ ಭಾಷೆ ಕಲಿಸುವ ಪುಸ್ತಕ ಕೇಳಿದಳು. ಅಲ್ಲಿದ್ದವರು ಬಹಳ ಹುಡುಕಿ, ಮೂವತ್ತು ದಿನದಲ್ಲಿ ಹಿಂದಿ ಕಲಿಸುವ ಪುಸ್ತಕವನ್ನು ಕೊಟ್ಟು, "ಸದ್ಯಕ್ಕ ಇದನ್ನ ಓದ್ರಿ" ಎಂದರು. ಆ ಭಾಷೆ ಕಲಿಸುವ ಬೆಂಗಳೂರಿನ ಒಂದು ಸಂಸ್ಥೆಗೆ ಕಾರ್ಡು ಬರೆದಳು. ಸೋಮವಾರದಿಂದ ಶುಕ್ರವಾರ, ಸಂಜೆ ಆರರಿಂದ ಎಂಟರವರೆಗೆ ತರಗತಿ ಎಂದು ಅಚ್ಚುಕಟ್ಟಾದ ಉತ್ತರ ಬಂತು. ಫಕ್ಕೀರೇಶ ಅದನ್ನು ಓದಿ ನಕ್ಕ. "ಸಂಜಿಕ ಬ್ಯಾಡಗಿಯಿಂದ ಹೊಂಟರ ನಿನ್ನ ಕ್ಲಾಸಿಗೆ ಮರುದಿನ ಮುಂಜಾನೆ ಮುಟ್ಟತಿ" ಎಂದ. ಆಮೇಲೆ ಅವನೇ ಸ್ವಲ್ಪ ಯೋಚಿಸಿ ಹೇಳಿದ: "ಹಾವೇರಿ ಸ್ಟೇಶನ್ ಹತ್ರ ಸ್ಟೋವ್ ರಿಪೇರಿ ಸಾಹೇಬ್ರು ಒಬ್ಬರು ಅದಾರ. ಅಬ್ದುಲಗನಿ ಅಂತ. ಹಡಗಿನ್ಯಾಗ ಭಂಡಾರಿ, ಅಂದ್ರ ಅಡಗಿಯವರು, ಆಗಿದ್ರಂತ. ಆ ಹಡಗಿನ ಅಡಗಿಯವರೆಲ್ಲಾ ಈ ಸ್ಪೇನಿನ ಮಾತ ಆಡ್ತಿದ್ರು ಅಂತ ನಮ್ಮ ಅಂಗಡಿಗೆ ಬಂದಾಗ ಹೇಳ್ತಿರತಾರ."

ಮುಂದಿನ ಐತವಾರ, ಗೋದಾಮಿನ ರಜೆಯ ದಿನ, ನಾಗರತ್ನಾ ಕೆಟ್ಟ ಸ್ಟೋವೊಂದನ್ನು ಚೀಲದಲ್ಲಿ ಹಾಕಿಕೊಂಡು ಹಾವೇರಿಗೆ ಹೋದಳು. ಬರಿಗೈಯಲ್ಲಿ ಹೋಗಿ ಕೇಳಲು ಅವಳಿಗೆ ಸಂಕೋಚ. ಅಬ್ದುಲಗನಿ ಅರವತ್ತು ದಾಟಿದ ತೆಳ್ಳಗಿನ ಮನುಷ್ಯ. ಪಿನ್ನು ಹಾಕಿ ಸ್ಟೋವಿನ ತೂತು ಬಿಡಿಸುತ್ತ ಅವಳ ಮಾತನ್ನು ಪೂರ್ತಿ ಕೇಳಿದ.

"ತಂಗೆವ್ವಾ, ನನಗ ಅಕ್ಷರ ಬರೂದಿಲ್ಲ. ಬಾಯಿ ಅಷ್ಟ. ಅದೂ ಅಡಗಿಮನಿ ಬಾಯಿ. ಉಳ್ಳಾಗಡ್ಡಿ, ಉಪ್ಪು, ಚಾಕು, ನೀರು. ಇಷ್ಟರಾಗ ಹನ್ನೆರಡು ವರ್ಷ ಹೊಟ್ಟಿ ಹೊರದೀನಿ."

"ನನಗೂ ಅಷ್ಟ ಸಾಕ್ರಿ ಚಾಚಾ. ನಂದೂ ಮೆಣಸಿನಕಾಯಿ ಕೆಲಸ."

ಒಳಗಿನಿಂದ ಅವನ ಹೆಂಡತಿ ಖತೀಜಾಬಿ, "ಹನ್ನೆರಡು ವರ್ಷ ಅಲ್ಲಿ ಅಡಗಿ ಮಾಡಿ ಬಂದಾರ, ಇಲ್ಲಿ ಒಂದು ದಿನ ಒಲಿ ಹಚ್ಚಿಲ್ಲ, ಅದನ್ನೂ ಕಲಿಸ್ರಿ ಅಂತ ಹೇಳ ತಂಗಿ" ಎಂದಳು. ಹೀಗೆ ಐತವಾರದ ಪಾಠ ಶುರುವಾಯಿತು.

ಅವನು ಒಂದು ಶಬ್ದ ಹೇಳುವನು, ಅವಳು ಒಂದು ಪಟ್ಟಿಯಲ್ಲಿ, ಅಂದರೆ ನೋಟುಬುಕ್ಕಿನಲ್ಲಿ, ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವಳು. ನೀರು ಅಗುವಾ. ಉಪ್ಪು ಸಾಲ್. ಕೈ ಮಾನೋ. ಆ ಭಾಷೆ ಕನ್ನಡದ ಹಾಗೆ ಬಹುಮಟ್ಟಿಗೆ ಬರೆದಂತೆಯೇ ಓದಿಸಿಕೊಳ್ಳುತ್ತಿತ್ತು, ಅದು ಅವಳಿಗೆ ದೊಡ್ಡ ಧೈರ್ಯ ಕೊಟ್ಟಿತು. ಒಂದು ಕಡೆ ಮಾತ್ರ ಅವಳಿಗೆ ಸಮಾಧಾನವಿರಲಿಲ್ಲ.

"ಎಲ್ಲಾದಕ್ಕೂ ನೀನು, ನೀನು ಅಂತ ಕಲಿಸಾಕತ್ತೀರಿ. ಹಿರೇರಿಗೆ ಏನಂತಾರ್ರಿ?"

"ಹಡಗಿನ್ಯಾಗ ಎಲ್ಲಾರೂ ನೀನ. ಕ್ಯಾಪ್ಟನ್‌ಗೆ ಮಾತ್ರ ಬ್ಯಾರೆ ಏನೋ ಅಂತಿದ್ರು. ನನಗ ಕ್ಯಾಪ್ಟನ್ ಕೂಡ ಮಾತಾಡೂ ಪಾಳಿ ಬರಲಿಲ್ಲ."

ಗುರುತಿಲ್ಲದ ಹಿರಿಯರನ್ನು ನೀನೆಂದು ಕರೆಯುವುದು ಅವಳ ನಾಲಿಗೆಗೆ ಒಗ್ಗಲಿಲ್ಲ. ರಾಣೇಬೆನ್ನೂರಿನ ಬಸ್ ನಿಲ್ದಾಣದ ಎದುರು ಇಂಟರ್ನೆಟ್ ಅಂಗಡಿಯೊಂದು ತೆರೆದಿತ್ತು. ವಾರಕ್ಕೊಮ್ಮೆ ಅರ್ಧ ತಾಸು ಅಲ್ಲಿ ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ದೊಡ್ಡವರಿಗಾಗಿ ಇದ್ದ ಆ ಭಾಷೆಯ ಪುಕ್ಕಟೆ ಪಾಠಗಳನ್ನು ಕೇಳತೊಡಗಿದಳು. ಅಕ್ಕಪಕ್ಕದ ಕಾಲೇಜು ಹುಡುಗರು ಮೊದಮೊದಲು ಇಣುಕಿ ನೋಡುತ್ತಿದ್ದರು; ಆಮೇಲೆ ಅವರೇ ಅವಳ ಪುಟ ತೆರೆದು ಕೊಡುವಷ್ಟಾಯಿತು. 'ನೀವು' ಎನ್ನಲು ಉಸ್ತೇದ್ ಎಂಬ ಶಬ್ದ ಅಲ್ಲಿಯೇ ಸಿಕ್ಕಿತು. ಆ ಐತವಾರ ಅವಳು ಅಬ್ದುಲಗನಿಗೆ ಅದನ್ನು ಹೇಳಿಕೊಟ್ಟಳು. ಅವನು ಸ್ಟೋವು ಕೆಳಗಿಟ್ಟು, "ಹಂಗಾರ ನಾ ಇನ್ನ ಕ್ಯಾಪ್ಟನ್ ಕೂಡ ಮಾತಾಡಬಹುದು" ಎಂದ.

ಮಾವನ ಕಾಲದ ರೇಡಿಯೋ ಮನೆಯಲ್ಲಿತ್ತು. ಬೆಳಗಿನ ಜಾವ ರೊಟ್ಟಿ ಬಡಿಯುವಾಗ ಅದರ ಕಿವಿ ಹಿಂಡಿದರೆ, ಕೆಲವು ದಿನ, ಗರಗರ ಸದ್ದಿನ ನಡುವೆ ಆ ಭಾಷೆ ಕೇಳಿಸುತ್ತಿತ್ತು. ಮೊದಲ ವರ್ಷ ಅದು ಬರೀ ಹರಿಯುವ ನೀರಿನ ಸದ್ದು. ಎರಡನೆಯ ವರ್ಷ ನಡುನಡುವೆ ಒಂದೊಂದು ಕಲ್ಲು ಕಂಡಂತೆ ಶಬ್ದಗಳು ಕಂಡವು. ಹಳೆಯ ಪುಸ್ತಕದ ಗಾಡಿಯಲ್ಲಿ ಸ್ಪ್ಯಾನಿಶ್‌ನಿಂದ ಇಂಗ್ಲಿಷ್‌ಗೆ ಒಂದು ಕಿಸೆ ನಿಘಂಟು ಸಿಕ್ಕಿತು. ಮೊದಲ ಹದಿನೆಂಟು ಪುಟ ಹರಿದಿದ್ದವು. "ಆ ಹದಿನೆಂಟು ಪುಟದ ಶಬ್ದ ಬಾರದಿದ್ರೂ ನಡೀತೈತಿ ಬಿಡು" ಎಂದ ಫಕ್ಕೀರೇಶ.

ಶನಿವಾರ ಅವಳು ಕದರಮಂಡಲಗಿಗೆ ಹೋಗಿ ಕಾಂತೇಶ ಸ್ವಾಮಿಯ ಮುಂದೆ ಕೈಮುಗಿದು ನಿಲ್ಲುತ್ತಿದ್ದಳು. ಬೇಡಿಕೊಳ್ಳುವುದು ಒಂದೇ. ಖರೇ ಏನು ಬರೆದಿದೆಯೋ ಅದು ತಿಳಿಯಲಿ. ಮುತ್ತವ್ವ ಆ ವೇಳೆಗೆ ಒಬ್ಬರ ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದ್ದಳು. ನಲ್ಲಿಯ ಹತ್ತಿರ ಸಿಕ್ಕಾಗಲೆಲ್ಲ ಕೇಳುತ್ತಿದ್ದಳು: "ಎಲ್ಲಿಗೆ ಬಂತ ನಾಗಕ್ಕ ನನ್ನ ತೀರ್ಪು?"

ಅಚ್ಚಿನ ಅಕ್ಷರ ಓದಲು ಬಂದರೂ ಆ ಹಾಳೆಯ ಕೈಬರಹ ಬಗ್ಗಲಿಲ್ಲ. ಒಂದಕ್ಕೊಂದು ಹೆಣೆದುಕೊಂಡ ಬಳ್ಳಿಯ ಹಾಗಿತ್ತು. ದಿನಕ್ಕೊಂದು ಶಬ್ದ, ಒಮ್ಮೊಮ್ಮೆ ವಾರಕ್ಕೊಂದು. ಗಾಡಿ ದೇವರಗುಡ್ಡ ದಾಟುವವರೆಗೆ ಒಂದು ಅಕ್ಷರವನ್ನೇ ನೋಡುತ್ತ ಕುಳಿತ ದಿನಗಳಿದ್ದವು. ಎರಡು ಸಾವಿರದ ಆರನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ಒಂದು ಐತವಾರ ಅವಳು ಅಬ್ದುಲಗನಿಯ ಮುಂದೆ ಹಾಳೆ ಬಿಚ್ಚಿ, "ಚಾಚಾ, ಮೋಹೋ ಅಂದ್ರ ಏನ್ರಿ? ಡಿಕ್ಷನರಿಯಾಗ ಸಿಗವಲ್ದು" ಎಂದಳು.

"ಮೋಹೋ? ಮೋಓ ಇರಬೇಕು. ಅದ ಬ್ರೆಡ್ಡಿಗೆ ಹಿಡೀತೈತಲ್ಲ, ಹಸರ ಹಸರ. ಬೂಸರು. ಅಡಗಿಮನಿಯಾಗ ದಿನಾ ಕೇಳ್ತಿದ್ದೆ."

ಅವಳು ಆ ಒಂದು ಶಬ್ದವನ್ನು ತನ್ನ ಪಟ್ಟಿಯಲ್ಲಿ ಕೂಡಿಸಿದಳು. ಆಗ ಸಾಲು ಸಾಲಾಗಿ ಅರ್ಥ ನಿಂತಿತು. ಕಾಯಿಯ ಒಳಗೆ ಬೂಸರು ಇದೆ. ಕಾಯಿ ಚೆನ್ನಾಗಿ ಒಣಗಿತ್ತು. ಒಣಗಿದ ಮೇಲೆ ಯಾರೋ ನೀರು ಹಾಕಿದ್ದಾರೆ. ಹಸಿಯಾದ ಕಾಯಿಯನ್ನು ಚೀಲಕ್ಕೆ ತುಂಬಿದ್ದಾರೆ.

ಕೈಯ ಮಾತೇ ಆ ಹಾಳೆಯಲ್ಲಿ ಇರಲಿಲ್ಲ.

ಖತೀಜಾಬಿ ತಂದಿಟ್ಟ ಚಹಾ ಆರಿಹೋಯಿತು. ನಾಗರತ್ನಾ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಿದ್ದಳು. ತಂಬಿಗೆ ಹಿಡಿಯುತ್ತಿದ್ದವಳು ಮುತ್ತವ್ವನಲ್ಲ. ತಂಬಿಗೆಯನ್ನು ಅವಳು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ನೀರು ಹೆಚ್ಚು ಕಡಿಮೆಯಾದೀತೆಂಬ ಕಾಳಜಿ. ಊರಿನ ಬಿಸಿಲಿಗೆ ಆ ಹಸಿ ಆರಿಹೋಗುತ್ತಿತ್ತು. ಹಡಗಿನ ಹೊಟ್ಟೆಯಲ್ಲಿ, ಕಬ್ಬಿಣದ ಪೆಟ್ಟಿಗೆಯಲ್ಲಿ, ತಿಂಗಳುಗಟ್ಟಲೆ ಮುಚ್ಚಿಟ್ಟರೆ ಅದು ಎಲ್ಲಿಗೆ ಹೋಗಬೇಕು?

ಅಂದು ಸಂಜೆಯೇ ಮುತ್ತವ್ವನ ಮನೆಗೆ ಹೋದಳು. ಹಾಳೆ ಬಿಚ್ಚಿ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಏನನ್ನೂ ಬಿಡಲಿಲ್ಲ. ಮುತ್ತವ್ವ ಹಾಳೆಯನ್ನು ತನ್ನ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಎರಡೂವರಿ ವರ್ಷ ಓದಿ, ನಿನ್ನ ಹೆಸರು ನೀನ ಓದಿದಿ ಅಲ್ಲ?"

"ಹೌದವಾ."

"ಧಣಿಗೆ ಹೇಳಿದೀ?"

"ಇನ್ನಾ ಇಲ್ಲ."

"ಹೇಳಿ ಬಾ. ಅಲ್ಲೀತನಾ ನನ್ನ ಮನಿಗೆ ಬರಬ್ಯಾಡ."

ಮರುದಿನದಿಂದ ನಾಗರತ್ನಾ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು. ಹೆಣ್ಣುಮಕ್ಕಳು ಗೊಣಗಿದರು. ಒಣಗಿದ ಕಾಯಿ ಮುಟ್ಟಿದರೆ ಮುರಿಯುತ್ತಿತ್ತು. ಪೇಟೆಯಲ್ಲಿ ಇಡಿಯಾದ ಕಾಯಿಗೇ ಬೆಲೆ, ಆದ್ದರಿಂದ ಕೂಲಿಯ ತೂಕಕ್ಕೆ ಮುರುಕನ್ನು ಹಿಡಿಯುತ್ತಿರಲಿಲ್ಲ. ದಿನದ ಅರ್ಧ ದುಡಿಮೆ ಮುರುಕಿನ ಬುಟ್ಟಿಗೆ ಹೋಯಿತು. "ನಾಗಕ್ಕ, ನಿನ್ನ ಸ್ಪೇನು ನಮ್ಮ ರೊಟ್ಟಿ ಮುರೀತು" ಎಂದಳು ಹಿರಿಯಳಾದ ಉಚ್ಚಂಗೆವ್ವ. ನಾಗರತ್ನಾ ಕೈ ಒರೆಸಿಕೊಂಡು ಎದ್ದಳು. ಧಣಿಯ ಹತ್ತಿರ ಹೋಗಿ, ನೀರಿನ ಸಂಗತಿ ಪೂರ್ತಿ ಹೇಳಿ, ಮುರುಕನ್ನೂ ತೂಕಕ್ಕೆ ಹಾಕಬೇಕೆಂದು ಕೇಳಿಕೊಂಡಳು.

ವಿಜಯಮಹಾಂತೇಶ ಕೆಟ್ಟವನಲ್ಲ. ಆದರೆ ಕೈಬಿಟ್ಟುಹೋಗಿದ್ದ ಆ ಸ್ಪೇನಿನ ಕಂಪನಿ ಮತ್ತೆ ಕಾಗದ ಬರೆದಿತ್ತು. ಅಲ್ಲಿಂದ ಒಬ್ಬ ಹೆಣ್ಣುಮಗಳು ತಾನೇ ಬಂದು ಗೋದಾಮು ನೋಡುವವಳಿದ್ದಳು.

"ಮುರುಕು ಯಾರು ತೊಗೋತಾರ? ಇನ್ನ ಆ ನೀರಿನ ಮಾತು, ಅದು ಆದದ್ದಾತು. ಆ ಬಾಯಾರ ಮುಂದ ನೀರು ಅನ್ನೂ ಶಬ್ದ ಬರಬಾರದು. ತಿಳೀತಿಲ್ಲೋ?"

"ಮುತ್ತವ್ವನ್ನ ಕೆಲಸ ಬಿಡಿಸೀರಲ್ರಿ."

"ಆಮ್ಯಾಲೆ ನೋಡೂಣಂತ."

ಎರಡು ಸಾವಿರದ ಏಳರ ಫೆಬ್ರವರಿಯಲ್ಲಿ, ಕಾಯಿ ಸುಗ್ಗಿಯ ನಡುವೆ, ಆಕೆ ಬಂದರು. ಅರವತ್ತರ ಹತ್ತಿರದ ಗಿಡ್ಡ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಸವೆದ ಚಪ್ಪಲಿ. ಹೆಸರು ಪಿಲಾರ್. ಆ ಹಾಳೆಯ ಕೊನೆಯ ಸಹಿಯೂ ಅದೇ ಎಂದು ನಾಗರತ್ನಾಳಿಗೆ ಗೊತ್ತಿತ್ತು. ಗೋವಾದಿಂದ ಕರೆಸಿದ ದುಭಾಷಿಯೊಬ್ಬ ಜೊತೆಗಿದ್ದ. ಧಣಿ ಹಿಂದಿಯಲ್ಲಿ ಹೇಳಿದ್ದನ್ನು ಅವನು ಆಕೆಯ ಭಾಷೆಗೆ ತಿರುಗಿಸುತ್ತಿದ್ದ. ಪಿಲಾರ್ ರಾಶಿಯ ಹತ್ತಿರ ಕೂತು, ಕಾಯಿ ಮುರಿದು, ಮೂಸಿ, ಅಂಗೈಗೆ ತಿಕ್ಕಿ ಬಣ್ಣ ನೋಡಿದರು. ಬ್ಯಾಡಗಿಯ ಹಮಾಲರು ನೋಡುವಂತೆಯೇ ನೋಡಿದರು. ಹೆಣ್ಣುಮಕ್ಕಳಿಗೆ ಅದು ಹಿಡಿಸಿತು.

"ಈಕಿ ನಮ್ಮಾಕಿನ ಅದಾಳ" ಎಂದಳು ಉಚ್ಚಂಗೆವ್ವ ಮೆಲ್ಲಗೆ.

ಆಮೇಲೆ ಪಿಲಾರ್ ಹಳೆಯ ಮಾಲಿನ ಬಗ್ಗೆ ಕೇಳಿದರು. ಧಣಿ ಉತ್ತರ ಕೊಟ್ಟ. ದುಭಾಷಿ ಅದನ್ನು ತಿರುಗಿಸಿದ. ನಾಗರತ್ನಾ ತುಂಬು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. ಅವನು ಹೇಳಿದ್ದು ಅವಳಿಗೆ ತಿಳಿಯಿತು. ಆಗ ಕೆಲವು ಹೆಂಗಸರು ಕಾಳಜಿ ಇಲ್ಲದೆ ಕೆಲಸ ಮಾಡಿದ್ದರು; ಆ ಹೆಂಗಸರು ಈಗ ಇಲ್ಲಿಲ್ಲ.

ಪಿಲಾರ್ ತಲೆಯಾಡಿಸಿ ಏಳಲು ಹೊರಟರು. ಆಕೆ ಎದ್ದುಹೋದರೆ ಆ ಮಾತು ಅಲ್ಲಿಯೂ ಬರಹವಾಗುತ್ತದೆ ಎಂದು ನಾಗರತ್ನಾಳಿಗೆ ಅನ್ನಿಸಿತು. ಕಾಂತೇಶನನ್ನು ನೆನೆದು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಮೊದಲು ಉಸ್ತೇದ್ ಎಂದಳು. ತಾವು ಕೇಳಬೇಕು ಎಂದಳು. ನೀರನ್ನು ಆ ಹೆಂಗಸರು ಹಾಕಲಿಲ್ಲ, ಈ ಕೈಯಿಂದ ನಾನು ಹಾಕಿದೆ ಎಂದು ಬೆರಳು ಚಿಮುಕಿಸಿ ತೋರಿಸಿದಳು. ಎಷ್ಟೋ ಶಬ್ದಗಳು ಅಡುಗೆಮನೆಯವು, ಉಳಿದವು ಇಂಟರ್ನೆಟ್ ಅಂಗಡಿಯವು. ಒಂದೆರಡು ಕಡೆ ಅವಳು ನಿಂತು, ಬೇರೆ ಶಬ್ದ ಹುಡುಕಿ, ಮತ್ತೆ ಮುಂದುವರಿದಳು.

ದುಭಾಷಿಯ ಬಾಯಿ ಅರ್ಧ ತೆರೆದಿತ್ತು. ಧಣಿಗೆ ಒಂದು ಶಬ್ದವೂ ತಿಳಿಯಲಿಲ್ಲ, ಆದರೆ ಏನು ಹೇಳಿದಳೆಂದು ಅವಳ ಕೈಯನ್ನು ನೋಡಿಯೇ ಗೊತ್ತಾಯಿತು. ಅವನು ಬೇರೆ ಕಡೆ ಮುಖ ತಿರುಗಿಸಿದ.

ಪಿಲಾರ್ ಮತ್ತೆ ಕುಳಿತರು. ಈ ಸಲ ನೇರವಾಗಿ ಅವಳ ಎದುರಿಗೆ. ಬಹಳ ನಿಧಾನವಾಗಿ, ಸಣ್ಣ ಮಕ್ಕಳಿಗೆ ಹೇಳುವಂತೆ, ಯಾಕೆ ನೀರು ಹಾಕಿದಿರಿ ಎಂದು ಕೇಳಿದರು. ಕಾಯಿ ಮುರಿಯದಿರಲೆಂದು ಎನ್ನುತ್ತ ನಾಗರತ್ನಾ ಮುರುಕಿನ ಬುಟ್ಟಿ ತೋರಿಸಿದಳು. ಪಿಲಾರ್ ಆ ಬುಟ್ಟಿಗೆ ಕೈಹಾಕಿ, ಒಂದು ಹಿಡಿ ಮುರುಕು ತೆಗೆದು ನೋಡಿ, ಏನೋ ಹೇಳಿದರು. ಮೊದಲ ಅರ್ಧ ತಿಳಿಯಿತು. ಮುರಿದರೆ ಪರವಾ ಇಲ್ಲ. ಮುಂದಿನದು ತಿಳಿಯಲಿಲ್ಲ. ನಾಗರತ್ನಾ ತಲೆ ಅಲ್ಲಾಡಿಸಿದಳು. ಆಗ ಪಿಲಾರ್ ಬಲಗೈ ಮುಷ್ಟಿ ಮಾಡಿ, ಗೂಟ ಹಿಡಿದಂತೆ, ನೆಲದ ಮೇಲೆ ಗುಂಡಗೆ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು.

"ಬೀಸ್ತಾರಂತ" ಎಂದಳು ಉಚ್ಚಂಗೆವ್ವ, ನಾಗರತ್ನಾಳಿಗಿಂತ ಮೊದಲು. "ಅಲ್ಲಿ ಒಯ್ದು ಬೀಸಿಬಿಡ್ತಾರಂತ ನಾಗಕ್ಕ. ಬೀಸೂ ಕಾಯಿ ಇಡೀದಿದ್ರೇನು, ಮುರದಿದ್ರೇನು."

ಆ ಮಾತು ಚಾಪೆಯಿಂದ ಚಾಪೆಗೆ ಹೋಯಿತು. ಮೂವತ್ತು ಮಂದಿ ಹೆಣ್ಣುಮಕ್ಕಳು ಆ ಬಿಳಿಕೂದಲಿನ ಹೆಂಗಸಿನ ಕೈಯನ್ನು ನೋಡುತ್ತ ಕುಳಿತರು. ಇಷ್ಟು ವರ್ಷ, ಇಡಿಯಾಗಿ ಉಳಿಯಲೆಂದು ನೀರು ಹಾಕಿ ಕಾಪಾಡಿದ್ದು ಅಲ್ಲಿ ಹೋಗಿ ಪುಡಿಯಾಗುವುದಕ್ಕೇ ಎಂದು ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ಪೇಟೆಯಲ್ಲಿ ಹೇಗೋ ಅಲ್ಲಿಯೂ ಹಾಗೇ ಎಂದುಕೊಂಡಿದ್ದರು.

ಪಿಲಾರ್ ಹೊರಡುವಾಗ ನಾಗರತ್ನಾ ಮಡಿಕೆ ಬಿಟ್ಟ ಆ ಹಾಳೆಯನ್ನು ತೋರಿಸಿದಳು. ಆಕೆ ತಮ್ಮ ಸಹಿ ಗುರುತಿಸಿ, ಅಕ್ಷರದ ಪಕ್ಕಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಕನ್ನಡವನ್ನು ಬಹಳ ಹೊತ್ತು ನೋಡಿದರು. ನನ್ನ ಬರಹ ಕೆಟ್ಟದ್ದು, ಮನ್ನಿಸಬೇಕು ಎಂದರು. ಉಸ್ತೇದ್ ಸೇರಿಸಿಯೇ ಹೇಳಿದರು.

ಅವರ ಕಾರು ಹೋದ ಮೇಲೆ ವಿಜಯಮಹಾಂತೇಶ ನಾಗರತ್ನಾಳನ್ನು ಕರೆದ.

"ನನ್ನ ಮರ್ಯಾದಿ ತಗದಿ ನಾಗಕ್ಕ."

"ತಪ್ಪಾತ್ರಿ. ಅಂದ್ರ ಹೇಳಿದ್ದು ತಪ್ಪಲ್ರಿ. ನಿಮಗ ಹೇಳದ ಹೇಳಿದ್ದು ತಪ್ಪು."

ನಗು ತಡೆದುಕೊಂಡನೋ ಸಿಟ್ಟು ತಡೆದುಕೊಂಡನೋ ತಿಳಿಯಲಿಲ್ಲ. "ಅವರ ಮಾಲಿಗೆ ಮುರುಕೂ ತೂಕಕ್ಕ ಹಾಕ್ರಿ. ನೀರು ಮಾತ್ರ ಇನ್ನ ಒಂದು ಹನಿ ಬೀಳಬಾರದು."

"ಮುತ್ತವ್ವ?"

"ಆ ಹತ್ತೂ ಮಂದೀನ ಕರಕೊಂಡ ಬಾ. ಬರೂದಾದ್ರ."

ಏಳು ಮಂದಿ ಬಂದರು. ಮುತ್ತವ್ವ ನಾಲ್ಕು ದಿನ ತಡಮಾಡಿ ಬಂದಳು. ಬೆಳಗಿನ ಗಾಡಿಯಲ್ಲಿ ನಾಗರತ್ನಾಳ ಎದುರಿನ ಸೀಟು ಖಾಲಿಯಿದ್ದರೂ ಆಚೆ ಹೋಗಿ ಕುಳಿತಳು. ಗೋದಾಮಿನಲ್ಲಿಯೂ ಚಾಪೆ ಬೇರೆ ಹಾಸಿಕೊಂಡಳು. ಕಳೆದುಹೋದ ಸುಮಾರು ಮೂರು ವರ್ಷಕ್ಕೆ ಒಂದು ಮಾತಿನಲ್ಲಿ ಕ್ಷಮೆ ಕೇಳಲು ಬರುವುದಿಲ್ಲವೆಂದು ನಾಗರತ್ನಾಳಿಗೆ ತಿಳಿದಿತ್ತು. ತಂಬಿಗೆಯನ್ನು ತೊಳೆದು ಕುಡಿಯುವ ನೀರಿನ ಕೊಡದ ಮೇಲೆ ಇಟ್ಟಿದ್ದಳು. ಬಾಯಾರಿದವರು ಅದರಿಂದಲೇ ಕುಡಿಯುತ್ತಿದ್ದರು.

ಹದಿನೈದು ದಿನ ಕಳೆದಿರಬೇಕು. ಒಂದು ಶನಿವಾರ ಸಂಜೆ, ಗಾಡಿ ದೇವರಗುಡ್ಡದಲ್ಲಿ ಕ್ರಾಸಿಂಗಿಗೆ ನಿಂತಿತ್ತು. ನಾಗರತ್ನಾ ಎಂದಿನಂತೆ ಪಟ್ಟಿ ತೆರೆದು ಬಾಯಲ್ಲೇ ಏನೋ ಅನ್ನುತ್ತ ಕುಳಿತಿದ್ದಳು. ಮುತ್ತವ್ವ ಎದ್ದು ಬಂದು ಎದುರಿಗೆ ಕುಳಿತಳು.

"ಆ ಭಾಷಾದಾಗ ಬೈಯೂದು ಹೆಂಗ?"

"ಯಾರಿಗೆ ಬೈಬೇಕು?"

"ನಿನಗ. ಕನ್ನಡದಾಗ ಬೈದರ ಓಣಿಗೆಲ್ಲಾ ತಿಳೀತೈತಿ."

ನಾಗರತ್ನಾ ಪಟ್ಟಿಯ ಹಾಳೆ ತಿರುವಿದಳು. "ಅಂಥಾವು ಅಬ್ದುಲಗನಿ ಚಾಚಾಗ ಭಾಳ ಬರ್ತಾವಂತ. ನನಗ ಒಂದೂ ಹೇಳಿಕೊಟ್ಟಿಲ್ಲ."

ಎದುರಿನ ಗಾಡಿ ಸದ್ದುಮಾಡುತ್ತ ದಾಟಿಹೋಯಿತು. ಅದು ಪೂರ್ತಿ ಹೋಗುವವರೆಗೆ ಮುತ್ತವ್ವ ಕಿಟಕಿಯ ಹೊರಗೇ ನೋಡುತ್ತಿದ್ದಳು.

"ನಾಳೆ ಐತವಾರ ಅಲ್ಲೇನ?" ಎಂದಳು. "ಎಷ್ಟು ಗಂಟೆ ಗಾಡಿಗೆ ಹೋಗ್ತಿ ಹಾವೇರಿಗೆ? ನಮ್ಮ ಮನಿ ಸ್ಟೋವೂ ಕೆಟ್ಟೈತಿ."